ಏಳು ಇಂಚು

ಮಾರ್ಚ್ 2, ಸೋಮವಾರ

ಡಾಕ್ಟರು ಬರೆದಿಡಿ ಅಂದಿದ್ದಾರೆ. ತಮ್ಮನಿಗೆ ಎಷ್ಟು ಗಂಟೆಗೆ ಮಾತ್ರೆ ಕೊಟ್ಟೆ, ಅವನ ಕೈ ಎಷ್ಟು ನಡುಗಿತು, ದಿನಾ ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಪೆನ್ನು. ಡಾಕ್ಟರಿಗೆ ಬೇಕಾದದ್ದನ್ನು ಆಮೇಲೆ ಬೇರೆ ಹಾಳೆಗೆ ಇಳಿಸಿಕೊಡುತ್ತೇನೆ. ಉಳಿದದ್ದು ನನಗೆ. ಅಕ್ಷರ ಸೊಟ್ಟಗಿದೆ ಅನ್ನುವವರಿದ್ದರೆ ಅವರೇ ಬಂದು ಬರೆಯಲಿ.

ತಮ್ಮ ನಿನ್ನೆ ಬಂದ. ಇನ್ನು ನನ್ನ ಮನೆಯಲ್ಲೇ ಇರುತ್ತಾನೆ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅದು. ಎಳ್ಳಿನಷ್ಟು ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ. ಈಗ ಅಂಗಿಯ ಗುಂಡಿ ಹಾಕಲೂ ಆಗದು. ನರದ ಕಾಯಿಲೆ. ವಾಸಿಯಾಗುವುದಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದರು ಡಾಕ್ಟರು.

ಅವನ ಜೊತೆ ಬಂದದ್ದು ಎರಡು ಪೆಟ್ಟಿಗೆ ಬಟ್ಟೆ, ಏಳು ಡಬ್ಬಿ ಜೇಡ. ಮೂಲೆಯಲ್ಲಿ ಪೊರಕೆಗೆ ಸಿಗುವ ಜೇಡ ಅಲ್ಲ. ಟರಾಂಟುಲ ಅಂತೆ. ಅಂಗೈ ಅಗಲ, ಮೈತುಂಬ ಕೂದಲು. ಜನ ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ, ಕೊನೆಗೆ ಗಿಣಿಯನ್ನಾದರೂ ಸಾಕುತ್ತಾರೆ. ನನ್ನ ತಮ್ಮ ಸಾಕಿದ್ದು ಇದನ್ನು.

ಸಂಜೆ ಚಹಾ ಕೊಡುವಾಗ "ಅರ್ಧ ಲೋಟ ಸಾಕು ಅಕ್ಕ" ಅಂದ. ಅರ್ಧ ಲೋಟ ಕೊಟ್ಟು ಕಳಿಸಲು ಇವನೇನು ಬಾಗಿಲಿಗೆ ಬಂದ ಬೇರೆಯವನೇ? ತುಂಬಿಸಿಯೇ ಕೊಟ್ಟೆ. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಬೈದೆ.

ಕೈ: ಚಹಾ ಚೆಲ್ಲಿತು.

ಮಾರ್ಚ್ 5, ಗುರುವಾರ

ಜೇಡಗಳ ಡಬ್ಬಿಗಳು ಪ್ಲಾಸ್ಟಿಕ್ಕಿನವು. ಸಾಮಾನು ಸಾಗಿಸುವ ಗಾಡಿಯಲ್ಲಿ ಕುಲುಕಿ ಮೂರರ ಮುಚ್ಚಳ ಸೀಳಿದೆ. ಒಳಗಿನವು ಬೆಳೆದು ಡಬ್ಬಿಗಳೂ ಸಾಲುತ್ತಿಲ್ಲ. ಗಾಜಿನ ಹೊಸ ಮನೆ ಮಾಡಿ ಸ್ಥಳಾಂತರಿಸಬೇಕು ಅನ್ನುತ್ತಾನೆ. ತನ್ನ ಕೈಲಿ ಆಗುವುದಿಲ್ಲ. ಮತ್ತೆ ಯಾರ ಕೈಲಿ? ನಾನೊಬ್ಬಳಿದ್ದೇನಲ್ಲ.

ಫೋಟೊ ಚೌಕಟ್ಟಿನ ಅಂಗಡಿಯಲ್ಲಿ ನಲವತ್ತು ವರ್ಷ ಗಾಜು ಕೊಯ್ದವಳು ನಾನು. ಪೆಟ್ಟಿಗೆ ಮಾಡುವುದು ದೊಡ್ಡ ಮಾತಲ್ಲ. ಅವನ್ನು ಎತ್ತಿ ಒಳಗೆ ಬಿಡುವುದಿದೆಯಲ್ಲ, ಅದು.

ಮಹಡಿಯ ಮೇಲಿನ ನರ್ಸಮ್ಮ ತಮ್ಮನ ರಕ್ತದೊತ್ತಡ ನೋಡಲು ಬಂದವಳು ಕಪಾಟಿನ ಮೇಲಿನ ಡಬ್ಬಿ ನೋಡಿ ಮೆಟ್ಟಿಲ ತನಕ ಹಿಂದೆ ಹಿಂದೆ ನಡೆದುಹೋದಳು.

"ಮೂವತ್ತೈದು ವರ್ಷ ಆಸ್ಪತ್ರೇಲಿ ಏನೇನೋ ನೋಡಿದೀನಿ. ಇದನ್ನ ಮಾತ್ರ ನೋಡಲ್ಲ. ರೀ, ಇದು ಕಚ್ಚುತ್ತಾ?"

"ನಮ್ಮಕ್ಕನಷ್ಟು ಇಲ್ಲ" ಅಂದ ತಮ್ಮ.

ಇಬ್ಬರೂ ನಕ್ಕರು. ನಗಲಿ.

ಎಲ್ಲಕ್ಕಿಂತ ದೊಡ್ಡದು ಅಜ್ಜಿ. ಹಾಗೇ ಕರೆಯುತ್ತಾನೆ. ಅವನು ಸ್ವಂತ ಅಂಗಡಿ ಹಾಕಿದ ವರ್ಷ ಯಾರೋ ಗಿರಾಕಿ ಕೊಟ್ಟದ್ದಂತೆ, ಆಗ ಕಡಲೆಕಾಳಿನಷ್ಟಿತ್ತಂತೆ. ಈಗ ಇಪ್ಪತ್ತೆರಡು ವರ್ಷ. ಮದುವೆ ಮುರಿದಾಗ, ಅಂಗಡಿ ಮುಚ್ಚಿದಾಗ, ಎಲ್ಲಕ್ಕೂ ಇದು ಜೊತೆಗಿತ್ತು. ನಾನು ಇರಲಿಲ್ಲ. ಅದನ್ನು ಅವನು ಹೇಳಲಿಲ್ಲ, ನಾನೇ ಬರೆಯುತ್ತಿದ್ದೇನೆ.

ಮಾರ್ಚ್ 8, ಭಾನುವಾರ

ಅಳತೆ ಹೇಳು, ಬರೆದುಕೊಳ್ಳುತ್ತೇನೆ ಅಂದೆ. ಕೇಳಲಿಲ್ಲ. "ಅಷ್ಟಾದ್ರೂ ನಾನು ಮಾಡ್ತೀನಿ ಬಿಡಕ್ಕ" ಅಂದು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬರೆದ. ಮೂರು ಅಂಕಿ ಬರೆಯಲು ಕಾಲು ಗಂಟೆ. ಉದ್ದ 12, ಅಗಲ 10, ಎತ್ತರ 7.

ಚೀಟಿ ತೆಗೆದುಕೊಂಡು ಹಳೆಯ ಅಂಗಡಿಗೆ ಹೋದೆ. ಅಲ್ಲಿ ಈಗ ಮಾಲೀಕರ ಮಗ. "ಏನಮ್ಮಾ, ಅಕ್ವೇರಿಯಮ್ಮಾ?" ಅಂದ. ಹೌದು ಅಂದೆ. ಇಲ್ಲ ಅಂದರೆ ಜೇಡದ ಕಥೆಯೆಲ್ಲ ಹೇಳಬೇಕು.

ಮೇಜಿನ ಮೇಲೆ ಗಾಜು ಹಾಸಿ, ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಎತ್ತರಕ್ಕೆ ಸ್ಕೇಲು ಇಟ್ಟಾಗ ಕೈ ನಿಂತಿತು. ಏಳು ಇಂಚು! ಚಪ್ಪಲಿ ಡಬ್ಬಿಯೇ ಇದಕ್ಕಿಂತ ವಾಸಿ. ಅದರಲ್ಲಿ ಅರ್ಧ ಮಣ್ಣು ಬೇರೆ ತುಂಬಬೇಕಂತೆ. ಯಾವ ಜೀವ ಆದರೂ ಅದರಲ್ಲಿ ಹೇಗೆ ಬಾಳೀತು? ಇವನು ಯಾವಾಗಲೂ ಹೀಗೇ, ಕಡಿಮೆ ಕೇಳುವವನು. ಗಾಜಿಗೆ ಬರ ಇಲ್ಲ. ಹನ್ನೊಂದು ಇಟ್ಟು ಗೆರೆ ಎಳೆದೆ. ಏಳು ಪೆಟ್ಟಿಗೆಗೂ ಹನ್ನೊಂದು.

ಮನೆಗೆ ಬಂದಾಗ ಸಂತೋಷವಾಗಿತ್ತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 9, ಸೋಮವಾರ

ಅಂಟು ಹಾಕಿದೆ. ಮನೆಯೆಲ್ಲ ವಾಸನೆ. ಎರಡು ಮೂರು ದಿನ ಒಣಗಬೇಕು.

ಕೈ: ಬೆಳಿಗ್ಗೆ ಪರವಾಗಿಲ್ಲ. ಸಂಜೆ ಚಹಾ ಚೆಲ್ಲಿತು.

ಮಾರ್ಚ್ 13, ಶುಕ್ರವಾರ

ಪೆಟ್ಟಿಗೆಗಳನ್ನು ಒರೆಸಿ ಹಾಲಿನಲ್ಲಿ ಸಾಲಾಗಿ ಇಟ್ಟೆ. ಬಿಸಿಲು ಬಿದ್ದು ಹೊಳೆಯುತ್ತಿದ್ದವು. ಅರಮನೆ ಹಾಗೆ ಇದ್ದವು, ನಾನೇ ಹೇಳುತ್ತಿದ್ದೇನೆ. ತಮ್ಮ ಬಂದು ಸುತ್ತ ನೋಡಿದ. ಅಂಚು ಸವರಿದ. "ಎಷ್ಟು ನುಣುಪಾಗಿದೆ" ಅಂದ. ಆಮೇಲೆ:

"ಎತ್ತರ ಜಾಸ್ತಿ ಆಯ್ತಲ್ಲ ಅಕ್ಕ."

"ಜಾಸ್ತಿ ಆದ್ರೇನು? ಆಡ್ಕೊಂಡಿರ್ಲಿ."

"ಇವು ನೆಲದ ಜೇಡ. ಮರದ ಮೇಲೆ ಇರೋವಲ್ಲ. ಗಾಜು ಹತ್ತಿ ಮೇಲಿಂದ ಬಿದ್ರೆ ಹೊಟ್ಟೆ ಒಡೆದುಬಿಡುತ್ತೆ. ಅದಕ್ಕೇ ಏಳು ಬರೆದಿದ್ದೆ."

ನಲವತ್ತು ವರ್ಷ ಒಬ್ಬ ಗಿರಾಕಿ ನನ್ನ ಅಳತೆಗೆ ಬೆರಳು ತೋರಿಸಿಲ್ಲ. ಸಿಟ್ಟು ಮೂಗಿನ ತುದಿಗೆ ಬಂತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಚೀಟಿಯಲ್ಲಿ ಹನ್ನೊಂದು ಅಂತ ಇತ್ತಪ್ಪ. ಇದ್ದದ್ದನ್ನ ಕೊಯ್ದಿದ್ದೀನಿ."

ಅವನು ಚೀಟಿ ತೋರಿಸು ಅನ್ನಲಿಲ್ಲ. ತನ್ನ ಬಲಗೈ ನೋಡಿಕೊಂಡ. "ಹೌದಾ? ನಡುಗಿ ಏಳು ಎರಡು ಗೆರೆ ಆಗಿ ಹನ್ನೊಂದರ ಹಾಗೆ ಕಂಡಿರ್ಬೇಕು" ಅಂದ. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

ಆಮೇಲೆ ಅವನೇ ದಾರಿ ಹೇಳಿದ. ಮಣ್ಣನ್ನೇ ಏರಿಸಿ ತುಂಬು, ಮೇಲೆ ನಾಲ್ಕು ಇಂಚು ಮಾತ್ರ ಖಾಲಿ ಬಿಡು, ಆಗ ಸರಿಹೋಗುತ್ತೆ ಅಂದ.

ಚೀಟಿ ಈ ಪುಸ್ತಕದ ರಟ್ಟಿನೊಳಗಿದೆ. ಇಂಥ ಸಣ್ಣ ವಿಷಯಕ್ಕೆ ಯಾರು ಮತ್ತೆ ಬಾಯಿ ಬಿಡುತ್ತಾರೆ.

ಮಾರ್ಚ್ 15, ಭಾನುವಾರ

ಆರು ಜೇಡಗಳು ಹೊಸ ಮನೆ ಸೇರಿದವು.

ರೀತಿ ಹೀಗೆ. ಹಳೆಯ ಡಬ್ಬಿಯನ್ನು ಹೊಸ ಪೆಟ್ಟಿಗೆಯೊಳಗೇ ಇಡಬೇಕು. ಆಗ ತಪ್ಪಿಸಿಕೊಂಡರೂ ಪೆಟ್ಟಿಗೆಯಲ್ಲೇ ಇರುತ್ತದೆ. ಮುಂದೆ ಅಗಲ ಬಾಯಿಯ ಲೋಟ ಅಡ್ಡ ಇಟ್ಟು, ಹಿಂಗಾಲನ್ನು ಮೆತ್ತನೆಯ ಬ್ರಷ್ಷಿನಲ್ಲಿ ಸವರಬೇಕು. ಅದು ತಾನಾಗಿ ಮುಂದೆ ನಡೆದು ಲೋಟ ಸೇರುತ್ತದೆ. ಲೋಟದ ಬಾಯಿಗೆ ರಟ್ಟು, ಅಷ್ಟೆ. ಹೇಳುವಾಗ ಅಷ್ಟೆ.

ತಮ್ಮ ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದ. ನರ್ಸಮ್ಮ ಬಾಗಿಲ ಆಚೆ ಸ್ಟೂಲಿನ ಮೇಲೆ ನಿಂತಿದ್ದಳು. ಜೇಡಕ್ಕೆ ಸ್ಟೂಲು ಹತ್ತಲು ಬರುವುದಿಲ್ಲ ಅಂತ ಅವಳಿಗೆ ಯಾರು ಹೇಳಿದರೋ.

"ತಳ್ಬೇಡ ಅಕ್ಕ. ಸವರು."

"ಸವರ್ತಾನೇ ಇದ್ದೀನಲ್ಲೋ!"

"ಅದು ಸವರೋದಲ್ಲ, ಗುಡಿಸೋದು."

"ನಿಮ್ಮಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು" ಅಂದಳು ನರ್ಸಮ್ಮ, ಸ್ಟೂಲಿನ ಮೇಲಿಂದ.

"ನನ್ನ ಜೇಡಕ್ಕೆ ಎಂಟಿದೆ. ಅಕ್ಕನ ಕೈಯಿಂದ ದಾಟಿದ ಮೇಲೆ ಎಣಿಸ್ಬೇಕು" ಅಂದ ಇವನು.

ಮೂಲೆ ಬಿಟ್ಟು ಅಲುಗದ್ದಕ್ಕೆ ಗುಮಾಸ್ತ ಅಂತ ಹೆಸರಿಟ್ಟಿದ್ದಾನೆ. ಅದು ಬೆನ್ನು ತಿರುಗಿಸಿ ಹಿಂಗಾಲಿನಿಂದ ಹೊಟ್ಟೆ ಉಜ್ಜಿ ಕೂದಲು ಹಾರಿಸಿತು. ಮೊಣಕೈ ತನಕ ಒಂದೇ ತುರಿಕೆ, ಇನ್ನೂ ಹೋಗಿಲ್ಲ. ಸೋಮಾರಿ ಅನ್ನುವುದನ್ನು ಲೋಟಕ್ಕೆ ಸೇರಿಸಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ನಾನು ಬೈಯದೆ ಇದ್ದೆ ಅಂತ ನರ್ಸಮ್ಮ ಗಡಿಯಾರ ನೋಡಿ ಹೇಳಿದಳು.

ಮಣ್ಣನ್ನು ಅವನು ಹೇಳಿದಷ್ಟೇ ಏರಿಸಿದೆ. ನಾಲ್ಕು ಇಂಚು ಬಿಟ್ಟೆ. ಕಣ್ಣೆದುರೇ ಕುಳಿತಿದ್ದನಲ್ಲ.

ಕೈ: ಇವತ್ತು ನಡುಕ ನೋಡಲು ಮರೆತೆ.

ಮಾರ್ಚ್ 17, ಮಂಗಳವಾರ

ಇವತ್ತು ಅಜ್ಜಿ. ಅವನಿಗೆ ಆಯಾಸ, ಆದರೂ ಕುರ್ಚಿ ಬಿಡಲಿಲ್ಲ.

ಲೋಟದೊಳಗೆ ಹೋದದ್ದು ತಿರುಗಿ ಹೊರಗೆ ಬಂದು ನನ್ನ ಅಂಗೈ ಹತ್ತಿತು. "ಅಲುಗಾಡ್ಬೇಡ. ಹಾಗೇ ಇರು. ಅದಕ್ಕೆ ನೀನು ನೆಲ ಅಷ್ಟೆ" ಅಂದ. ಎಂಟು ಕಾಲೂ ಒಂದೊಂದಾಗಿ ಊರುವುದು ತಿಳಿಯುತ್ತಿತ್ತು. ಕೋಳಿಮೊಟ್ಟೆಯಷ್ಟೂ ಭಾರ ಇಲ್ಲ. ಇಪ್ಪತ್ತೆರಡು ವರ್ಷ ಬದುಕಿದ್ದು ಇಷ್ಟೇ ತೂಗುತ್ತದೆಯೇ ಅನ್ನಿಸಿತು. ನನ್ನ ಕೈ ನಡುಗಿತು. ತಮ್ಮ ಅದನ್ನು ನೋಡಿದ.

ಅದು ತಾನೇ ಇಳಿದು ಪೆಟ್ಟಿಗೆಗೆ ಹೋಯಿತು. ಅವನು ಹೋಗಿ ಮಲಗಿದ.

ಮಣ್ಣು ಆರು ಪೆಟ್ಟಿಗೆಗೇ ಮುಗಿದಿತ್ತು. ಅಜ್ಜಿಯದಕ್ಕೆ ಮೂರು ಇಂಚು ಬಂತು, ಮೇಲೆ ಎಂಟು ಖಾಲಿ. ನಾಳೆ ತಂದು ತುಂಬಿದರಾಯಿತು. ನೋಡಿದರೆ ಅದಕ್ಕೇನೂ ತೊಂದರೆ ಇದ್ದಂತಿಲ್ಲ. ಮಣ್ಣಿನ ಬಟ್ಟಲಲ್ಲಿ ನೀರು ಇಟ್ಟೆ.

ಮಾರ್ಚ್ 19, ಗುರುವಾರ

ನಿನ್ನೆ ಕಾಲು ನೋವು. ಮಣ್ಣು ತರಲು ಹೋಗಲಿಲ್ಲ. ಇವತ್ತು ಹೋಗುವವಳಿದ್ದೆ.

ಸಂಜೆ ಐದೂವರೆ. ಅಜ್ಜಿ ಮೂಲೆ ಹಿಡಿದು ಗಾಜಿನ ಮೇಲೆ ಏರುತ್ತಿತ್ತು. ಒಂದೊಂದೇ ಕಾಲು, ಮೆತ್ತಗೆ, ಮುಚ್ಚಳದ ತನಕ. ನೋಡು, ಎತ್ತರ ಕೊಟ್ಟರೆ ಹೇಗೆ ಹತ್ತುತ್ತದೆ ಅಂದುಕೊಂಡೆ. ಹೆಮ್ಮೆ ಆಯಿತು. ಕೂಗಿದೆ:

"ಲೋ, ಬಾ ಇಲ್ಲಿ! ನಿನ್ನ ಅಜ್ಜಿ ಮಹಡಿ ಹತ್ತಿದ್ದಾಳೆ!"

ಅವನು ಗೋಡೆ ಹಿಡಿದುಕೊಂಡು ಬಂದ. ನೋಡಿದವನೇ "ಕೈ ಒಡ್ಡು ಅಕ್ಕ, ಕೆಳಗೆ ಕೈ ಒಡ್ಡು" ಅಂದ. ನಾನು ಮುಚ್ಚಳ ತೆಗೆಯುವಷ್ಟರಲ್ಲಿ ಬಿತ್ತು. ನೀರಿನ ಬಟ್ಟಲಿನ ಅಂಚಿನ ಮೇಲೆ. ಸಣ್ಣ ಸದ್ದು, ಒದ್ದೆ ಬಟ್ಟೆ ಬಿದ್ದ ಹಾಗೆ.

ಏಳು ಗಂಟೆಯ ತನಕ ಕಾಲು ಅಲುಗುತ್ತಿತ್ತು.

ಮಾರ್ಚ್ 20, ಶುಕ್ರವಾರ

ಹಿತ್ತಲಲ್ಲಿ ಇಟ್ಟೆವು. ಅಗೆದದ್ದು ನಾನು.

ಮಾರ್ಚ್ 24, ಮಂಗಳವಾರ

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹಗುರ ಆಗುತ್ತಿತ್ತು.

ಇವತ್ತು ಊಟದ ಹೊತ್ತಿಗೆ ತಾನಾಗಿ ಹೇಳಿದ: "ನೀನು ಮನಸ್ಸಿಗೆ ಹಚ್ಕೋಬೇಡ ಅಕ್ಕ. ಮಣ್ಣು ಮುಗಿದಿದ್ದು ನಿನ್ನ ತಪ್ಪಲ್ಲ. ನಾನು ಏಳು ಅಂತ ನೆಟ್ಟಗೆ ಬರೆದಿದ್ರೆ ಇದೆಲ್ಲ ಬರ್ತಾನೇ ಇರ್ಲಿಲ್ಲ."

ಆಗ ಹೇಳಬೇಕಿತ್ತು. "ಇನ್ನೊಂದು ಚೂರು ಹಾಕ್ಲಾ?" ಅಂತ ಕೇಳಿದೆ. ಬೇಡ ಅಂದ. ಹಾಕಿದೆ.

ಕೈ: ಜಾಸ್ತಿ.

ಮಾರ್ಚ್ 26, ಗುರುವಾರ

ಜೇಡಗಳಿಗೆ ಯಾವತ್ತು ತಿನ್ನಲು ಹಾಕಿದೆ, ಯಾವತ್ತು ಯಾವುದು ಪೊರೆ ಬಿಟ್ಟಿತು ಅಂತ ಬರೆಯಲು ಅವನ ಹತ್ತಿರ ಒಂದು ಹಳೇ ನೋಟುಬುಕ್ಕಿದೆ. ಇಪ್ಪತ್ತೆರಡು ವರ್ಷದ್ದು. ಹತ್ತೊಂಬತ್ತನೇ ತಾರೀಕಿನಿಂದ ಖಾಲಿ. ಪೆನ್ನನ್ನು ಗಡಿಯಾರದ ಸಾಮಾನಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದ್ದಾನೆ.

ಬರಿಯೋ ಅಂದೆ. "ನಾನು ಬರೆದ್ರೆ ಏನಾಗುತ್ತೆ ಅಂತ ನೋಡಿದ್ಯಲ್ಲ" ಅಂದ.

ಮಾರ್ಚ್ 30, ಸೋಮವಾರ

ಇವತ್ತು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನರ್ಸಮ್ಮ. ನನಗೆ ಕಾಲು ನೋವು. ಬಂದವಳು ಡಾಕ್ಟರು ಕೊಟ್ಟ ಹೊಸ ಮಾತ್ರೆ ಕೈಗಿಟ್ಟು ನನ್ನನ್ನು ಅಡುಗೆಮನೆಗೆ ಎಳೆದಳು.

"ಫಾರ್ಮಿಗೆ ಸಹಿ ಹಾಕಿ ಅಂದ್ರೆ ಹಾಕ್ಲಿಲ್ಲ ಕಣ್ರೀ. ಇಂಕಿನ ಪ್ಯಾಡು ಕೇಳಿ ಹೆಬ್ಬೆಟ್ಟು ಒತ್ತಿದ್ರು. ಡಾಕ್ಟ್ರು ಅಷ್ಟೇನೂ ನಡುಗ್ತಿಲ್ಲ, ಬರೀಬಹುದು ಅಂದ್ರೂ ಕೇಳ್ಲಿಲ್ಲ. ಏನಾಗಿದೆ ನಿಮ್ಮ ತಮ್ಮನಿಗೆ?"

ಒಳಗೆ ಹೋಗಿ ನೋಡಿದೆ. ಮಲಗಿದ್ದ. ಬಲಗೈ ಹೆಬ್ಬೆರಳು ನೀಲಿ.

ನಮ್ಮಮ್ಮ ಹೆಬ್ಬೆಟ್ಟು. ಅವಳು ಹೋದಾಗ ಇವನು ತೊಟ್ಟಿಲಲ್ಲಿದ್ದ, ನಾನು ಹನ್ನೆರಡರವಳು, ಮನೆಗೆಲಸದ ನಡುವೆ ನಾಲ್ಕನೇ ಕ್ಲಾಸನ್ನು ಎರಡು ಸಲ ಕೂತಿದ್ದವಳು. ಶಾಲೆ ಬಿಟ್ಟು ಇವನನ್ನು ಎತ್ತಿಕೊಂಡೆ. ಇವನೊಬ್ಬ ಹೆಬ್ಬೆಟ್ಟು ಆಗದಿದ್ದರೆ ಸಾಕು ಅಂದುಕೊಂಡಿದ್ದೆ. ಆಮೇಲೆ ಅದು ಸಾಲದಾಯಿತು. ಹದಿನಾರಕ್ಕೆ ಗಡಿಯಾರ ರಿಪೇರಿ ಕಲೀತೀನಿ ಅಂದವನನ್ನು ಹಿಡಿದು ಇಂಜಿನಿಯರ್ ಆಗು ಅಂತ ಕಾಲೇಜಿಗೆ ತಳ್ಳಿದೆ. ಮೂರು ವರ್ಷ ಫೇಲಾಗಿ ಹೇಳದೆ ಕೇಳದೆ ಮನೆ ಬಿಟ್ಟ. ಆರು ವರ್ಷ ಒಂದು ಕಾಗದ ಇಲ್ಲ. ಅವನದ್ದೇ ಪುಕ್ಕಲುತನ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

ಯಾಕೆ ಇದೆಲ್ಲ ಇವತ್ತು ಬರೆಯುತ್ತಿದ್ದೇನೋ. ಡಾಕ್ಟರಿಗೆ ಬೇಕಾಗಿಲ್ಲ.

ಮಾರ್ಚ್ 31, ಮಂಗಳವಾರ

ಬೆಳಿಗ್ಗೆ ಮಾತ್ರೆ ಕೊಟ್ಟು ರಟ್ಟಿನೊಳಗಿನ ಚೀಟಿ ತೆಗೆದು ಅವನ ತೊಡೆಯ ಮೇಲೆ ಇಟ್ಟೆ.

ಅವನು ಕನ್ನಡಕ ಹುಡುಕಿ ಹಾಕಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದ.

"ಏಳು ಏಳರ ಹಾಗೇ ಇದೆಯಲ್ಲ" ಅಂದ.

"ಹೌದು."

"ನೆಟ್ಟಗೇ ಇದೆ."

"ನೀನು ನೆಟ್ಟಗೇ ಬರೆದಿದ್ದೆ. ನಾನು ಓದಿದ್ದೂ ಏಳೇ. ಪಾಪ, ಸಾಲದು ಅಂತ ನಾನೇ ಹನ್ನೊಂದು ಮಾಡಿದೆ. ಕೇಳಿದಾಗ ಸುಳ್ಳು ಹೇಳಿದೆ."

ಚೀಟಿ ಕೆಳಗಿಳಿಸಿದ. ಅದು ಕೈಯಲ್ಲಿ ಪಟಪಟ ಅನ್ನುತ್ತಿತ್ತು.

"ಎತ್ತರ ಕೊಟ್ಟಿದ್ದಕ್ಕಲ್ಲ ಅಕ್ಕ ನನಗೆ ನೋವು. ಅದು ನಿನ್ನ ಗುಣ, ನನಗೆ ಗೊತ್ತಿಲ್ವಾ. ಆದ್ರೆ ಹನ್ನೆರಡು ದಿನದಿಂದ ಈ ಕೈನೇ ಅವಳನ್ನ ಕೊಂದಿತು ಅಂತ ನೋಡ್ತಾ ಮಲಗಿದೀನಿ. ನೀನು ಪಕ್ಕದಲ್ಲೇ ಕೂತು ನನಗೆ ಅನ್ನ ಹಾಕ್ತಾ ಇದ್ದೆ."

ನೀರಿನ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಏಪ್ರಿಲ್ 1, ಬುಧವಾರ

ಮಾತಿಲ್ಲ.

ಏಪ್ರಿಲ್ 2, ಗುರುವಾರ

ಊಟ ಮಾಡಿದ. ತಟ್ಟೆ ತಾನೇ ತೊಳೆಯಲು ಹೋಗಿ ಒಡೆದ. ಬೈಯಲಿಲ್ಲ.

ಏಪ್ರಿಲ್ 4, ಶನಿವಾರ

ಬೆಳಿಗ್ಗೆ ಎದ್ದು ಬಂದಾಗ ಒಲೆಯ ಪಕ್ಕ, ಚಹಾ ಪುಡಿ ಡಬ್ಬಿಯ ಕೆಳಗೆ ಒಂದು ಚೀಟಿ. ಉದ್ದ 12. ಅಗಲ 10. ಎತ್ತರ 7. ಏಳರ ಕೆಳಗೆ ಎರಡು ಗೆರೆ. ಗೆರೆ ಸೊಟ್ಟ. ಏಳು ನೆಟ್ಟಗಿದೆ.

ಕೊಬ್ಬು ನೋಡು ಇವನಿಗೆ.

ಚೀಟಿಯನ್ನು ಗೋಡೆಗೆ ಅಂಟಿಸಿದೆ.

ಏಪ್ರಿಲ್ 8, ಬುಧವಾರ

ಒಂದೊಂದೇ ಪೆಟ್ಟಿಗೆ ಬಿಚ್ಚಬೇಕು. ಜೇಡವನ್ನು ಹಳೇ ಡಬ್ಬಿಗೆ ಕಳಿಸಿ, ಅಂಟನ್ನು ಬ್ಲೇಡಿನಿಂದ ಸೀಳಿ, ನಾಲ್ಕು ಗೋಡೆ ಬೇರೆ ಮಾಡಿ, ಒಂದೊಂದರಲ್ಲೂ ನಾಲ್ಕು ಇಂಚು ಕೊಯ್ದು, ಮತ್ತೆ ಅಂಟಿಸಬೇಕು. ಗಾಜಿನ ಮೇಲೆ ಗೆರೆ ಒಂದೇ ಸಲ ಎಳೆಯುವುದು. ತಪ್ಪಿತು ಅಂತ ಅದರ ಮೇಲೇ ಇನ್ನೊಮ್ಮೆ ಎಳೆದರೆ ಗಾಜು ಮನಸ್ಸು ಬಂದ ಕಡೆ ಒಡೆಯುತ್ತದೆ. ಅಂಗಡಿಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಮಾತು.

ಸ್ಕೇಲು ಇಟ್ಟು ಪ್ರತಿ ಸಲವೂ ಕೂಗಿದೆ: "ಏಳೇ ತಾನೆ?"

"ಏಳೇ" ಅಂತ ಒಳಗಿಂದ ಅನ್ನುತ್ತಿದ್ದ. ಹತ್ತನೇ ಸಲ "ಇನ್ನೆಷ್ಟು ಸಲ ಕೇಳ್ತೀಯೇ ತಾಯಿ" ಅಂದ.

ಅಜ್ಜಿಯ ಪೆಟ್ಟಿಗೆಯನ್ನೂ ಏಳಕ್ಕೆ ಇಳಿಸಿದೆ. ಯಾಕೆ ಅಂತ ಅವನು ಕೇಳಲಿಲ್ಲ. ಕೊಯ್ದ ಪಟ್ಟಿಗಳು ಇಪ್ಪತ್ತೆಂಟು, ನನ್ನ ಮಂಚದ ಕೆಳಗಿವೆ. ಎಸೆಯಬೇಕು. ಎಸೆದಿಲ್ಲ.

ಏಪ್ರಿಲ್ 11, ಶನಿವಾರ

ಐದು ಜೇಡ ದಾಟಿಸಿದೆ. ನನಗೆ ಬ್ರಷ್ಷು ಹಿಡಿಯಲು ಬಂದಿದೆಯಂತೆ. ಗುಮಾಸ್ತ ಈ ಸಲ ಕೂದಲು ಹಾರಿಸಲಿಲ್ಲ.

ಆರನೆಯದು ಸೋಮಾರಿ. ಹಳೇ ಡಬ್ಬಿಯಲ್ಲಿ ಬೆನ್ನ ಮೇಲೆ ಬಿದ್ದುಕೊಂಡಿತ್ತು, ಕಾಲೆಲ್ಲ ಮೇಲೆ. ಸತ್ತೇ ಹೋಯಿತು ಅಂದುಕೊಂಡೆ. ಬ್ರಷ್ಷು ಕೈಯಲ್ಲೇ ಇತ್ತು, ತಿರುಗಿಸಿ ಮಲಗಿಸೋಣ ಅನ್ನಿಸಿತು. ಬ್ರಷ್ಷು ಕೆಳಗಿಟ್ಟು ಅವನನ್ನು ಕರೆದೆ.

"ಏನು ಮಾಡ್ಲೋ?"

ಬಗ್ಗಿ ನೋಡಿದ. ಮುಖ ಅರಳಿತು. "ಏನೂ ಮಾಡ್ಬೇಡ. ಸತ್ತಿಲ್ಲ, ಪೊರೆ ಬಿಡ್ತಿದೆ. ಸುಮ್ನೆ ಕೂತ್ಕೋ."

ಕೂತೆ. ಇಬ್ಬರೂ ಕೂತೆವು. ಮಧ್ಯಾಹ್ನ ಎರಡರಿಂದ ಐದೂವರೆ. ಹಳೆಯ ಮೈ ಕೈಗವಸಿನ ಹಾಗೆ ಕಳಚಿ ಪಕ್ಕಕ್ಕೆ ಬಿತ್ತು. ಅಷ್ಟು ಹೊತ್ತು ಏನೂ ಮಾಡದೆ ಕುಳಿತು ಬೆನ್ನು ಹಿಡಿದುಕೊಂಡಿದೆ. ಗಾಜು ಕೊಯ್ದ ದಿನವೂ ಇಷ್ಟು ನೋವಾಗಿರಲಿಲ್ಲ.

ಆಮೇಲೆ ಅವನು ಸಾಮಾನಿನ ಪೆಟ್ಟಿಗೆಯಿಂದ ಪೆನ್ನು ತೆಗೆದು ತನ್ನ ನೋಟುಬುಕ್ಕಿನಲ್ಲಿ ಬರೆದ. ಹತ್ತು ನಿಮಿಷ ಹಿಡಿಯಿತು. ಮುಗಿಸಿ ಹಿಂದಿನ ಪುಟಕ್ಕೆ ತಿರುಗಿಸಿ, ಮಾರ್ಚ್ 19ರ ಎದುರಿಗೂ ಏನೋ ಬರೆದ. ನಾನು ಇಣುಕಲಿಲ್ಲ.

ಏಪ್ರಿಲ್ 14, ಮಂಗಳವಾರ

ಹಿತ್ತಲ ಬಾಗಿಲು ತೆಗೆದಾಗೆಲ್ಲ ಆ ಜಾಗ ಕಾಣುತ್ತದೆ. ಮಣ್ಣು ಒಂದು ಹಿಡಿ ಕುಸಿದಿದೆ. ಮೂರು ಇಂಚು ಮಣ್ಣು ಹಾಕಿದವಳು ಅಲ್ಲಿ ಒಂದು ಅಡಿ ಅಗೆದಿದ್ದೆ.

ನರ್ಸಮ್ಮ ಈಗ ಸ್ಟೂಲು ತರುವುದಿಲ್ಲ. ಬಾಗಿಲಲ್ಲೇ ನಿಂತು ಗುಮಾಸ್ತ ಕ್ಷೇಮವೇ ಅಂತ ಕೇಳಿ ಹೋಗುತ್ತಾಳೆ.

ಸಂಜೆ ಚಹಾ ಹಾಕುತ್ತಿದ್ದೆ. ಲೋಟ ಅರ್ಧ ಆದಾಗ "ಸಾಕಾ?" ಅಂದೆ. "ಸಾಕು" ಅಂದ. ಕೊಟ್ಟೆ. ಕಿಟಕಿಯ ಹತ್ತಿರ ಕುಳಿತು ಕುಡಿದ.

ಕೈ: ಇವತ್ತು ಒಂದು ಹನಿಯೂ ಚೆಲ್ಲಲಿಲ್ಲ. ಹೊಸ ಮಾತ್ರೆ ಹಿಡಿಯುತ್ತಿರಬೇಕು. ಡಾಕ್ಟರಿಗೆ ಹೇಳಬೇಕು.